ಅಮ್ಮನ ಮುಂದೆ ಒಂದು ಗಳಿಗೆ ಮೌನ
(ಧ್ಯಾನ ಮತ್ತು ಆರೋಗ್ಯ ಕುರಿತು ಭಕ್ತರಿಗೆ ನಾಲ್ಕು ಮಾತು)

॥ ಶ್ರೀ ಕಬ್ಬಾಳಮ್ಮ ತಾಯಿ ಪ್ರಸನ್ನ ॥



ಕನಕಪುರ, ಸಾತನೂರಿನ ಮೇಲೆ ಬಂದವರು ಕೆಲವರು. ಚನ್ನಪಟ್ಟಣದ ರಸ್ತೆ ಹಿಡಿದು ಬಂದವರು ಕೆಲವರು. ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೀರಿ, ಮಕ್ಕಳನ್ನು ಎತ್ತಿಕೊಂಡು ಬಂದಿದ್ದೀರಿ, ಹರಕೆ ಹೊತ್ತು ಬಂದಿದ್ದೀರಿ. ಸಾಲಿನಲ್ಲಿ ನಿಂತು, ಹಣ್ಣುಕಾಯಿ ಕೊಟ್ಟು, ಅಮ್ಮನ ಮುಖ ಕಂಡ ಆ ಒಂದು ಕ್ಷಣದಲ್ಲಿ ಕೈ ತಾನಾಗಿಯೇ ಮುಗಿಯುತ್ತದೆ, ಕಣ್ಣು ತಾನಾಗಿಯೇ ಮುಚ್ಚುತ್ತದೆ. ಆಗ ಮನಸ್ಸಿನಲ್ಲಿ ಏನೂ ಇರುವುದಿಲ್ಲ. ಸಾಲ ಇಲ್ಲ, ಜಗಳ ಇಲ್ಲ, ಕಾಯಿಲೆ ಇಲ್ಲ. ಅಮ್ಮ ಒಬ್ಬಳೇ.

ಆ ಗಳಿಗೆ ಎಷ್ಟು ಹೊತ್ತು ಇರುತ್ತದೆ, ಹೇಳಿ ನೋಡೋಣ. ಎರಡು ಉಸಿರು, ಹೆಚ್ಚೆಂದರೆ ಮೂರು ಉಸಿರು. ಅಷ್ಟರಲ್ಲಿ ‘ಚಪ್ಪಲಿ ಯಾರಾದರೂ ಹಾಕ್ಕೊಂಡು ಹೋದ್ರಾ?’ ಅಂತ ಮನಸ್ಸು ಹೊರಗೆ ಓಡುತ್ತದೆ. ‘ಕೊನೇ ಬಸ್ಸು ಎಷ್ಟು ಗಂಟೆಗೆ?’ ಅಂತ ಕೇಳುತ್ತದೆ. ಇದಕ್ಕೆ ನಾಚಿಕೆಪಡಬೇಕಾಗಿಲ್ಲ. ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನನಂಥ ವೀರನೇ ಕೃಷ್ಣನ ಮುಂದೆ ಇದೇ ದೂರು ಹೇಳಿಕೊಂಡ. ಈ ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟ ಅಂದ. ಕೃಷ್ಣ ಅವನನ್ನು ಬೈಯಲಿಲ್ಲ. ಹೌದು ಕಷ್ಟ, ಆದರೆ ಅಭ್ಯಾಸದಿಂದಲೂ ವೈರಾಗ್ಯದಿಂದಲೂ ಆಗುತ್ತದೆ ಅಂತ ಸಮಾಧಾನ ಹೇಳಿದ.

ಅಮ್ಮನ ಮುಂದೆ ಸಿಕ್ಕ ಆ ಮೂರು ಉಸಿರನ್ನು ಮನೆಗೂ ತೆಗೆದುಕೊಂಡು ಹೋಗುವುದು ಹೇಗೆ? ಅದರಿಂದ ಮನಸ್ಸಿಗೆ, ಮೈಗೆ ಏನು ಒಳ್ಳೆಯದಾಗುತ್ತದೆ? ಎಲ್ಲಿಯವರೆಗೆ ಆಗುತ್ತದೆ, ಎಲ್ಲಿಗೆ ನಿಲ್ಲುತ್ತದೆ? ಈ ಮೂರು ಪ್ರಶ್ನೆಗಳಿಗೆ ಹಿರಿಯರು ಹೇಳಿದ್ದನ್ನೂ ವಿಜ್ಞಾನಿಗಳು ಅಳೆದು ನೋಡಿದ್ದನ್ನೂ ಜೊತೆಗಿಟ್ಟು ಇಲ್ಲಿ ಹೇಳಿದೆ. ಬಸ್ಸಿಗೆ ಕಾಯುವಾಗ ಓದಿ. ಓದಲು ಬಾರದ ಹಿರಿಯರು ಜೊತೆಗಿದ್ದರೆ ಅವರಿಗೂ ಓದಿ ಹೇಳಿ.

ಹುಳು ಜ್ವರಕ್ಕೆ ಕೂತ ಹಾಗೆ

ಈ ಸೀಮೆಯ ಜನಕ್ಕೆ ಧ್ಯಾನ ಎಂದರೇನು ಎಂದು ಹೇಳಲು ಹಿಮಾಲಯದ ಋಷಿಯ ಉದಾಹರಣೆ ಬೇಕಿಲ್ಲ. ರೇಷ್ಮೆ ಹುಳ ಸಾಕು. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ಕಡೆಯವರಿಗೆ ಹುಳು ಮೇಯಿಸುವುದು ಹೊಸದಲ್ಲ.

ಹುಳು ಹಗಲು ರಾತ್ರಿ ಎನ್ನದೆ ಸೊಪ್ಪು ತಿನ್ನುತ್ತದೆ. ಹುಳುಮನೆಯಲ್ಲಿ ನಿಂತರೆ ಸಣ್ಣ ಮಳೆ ಬಿದ್ದಂತೆ ಸದ್ದು ಕೇಳಿಸುತ್ತದೆ. ಹಾಗೆ ತಿನ್ನುತ್ತಿದ್ದ ಹುಳು ಒಂದು ದಿನ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿ, ತಲೆ ಎತ್ತಿ, ಅಲುಗಾಡದೆ ಕೂತುಬಿಡುತ್ತದೆ. ನಮ್ಮ ರೈತರು ಅದಕ್ಕೆ ಹುಳು ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಅದು ಕಾಯಿಲೆಯ ಜ್ವರ ಅಲ್ಲ. ಹಳೆಯ ಚರ್ಮ ಬಿಗಿಯಾಗಿದೆ, ಒಳಗೆ ಹೊಸದು ಬೆಳೆಯುತ್ತಿದೆ. ಹುಟ್ಟಿದಾಗಿನಿಂದ ಗೂಡು ಕಟ್ಟುವವರೆಗೆ ಹೀಗೆ ನಾಲ್ಕು ಸಲ ಕೂರುತ್ತದೆ. ಆ ಹೊತ್ತಿನಲ್ಲಿ ಬುದ್ಧಿವಂತ ರೈತ ಸೊಪ್ಪು ಹಾಕುವುದಿಲ್ಲ, ಕೈ ಹಾಕಿ ಅಲುಗಾಡಿಸುವುದಿಲ್ಲ, ಹಾಸಿಗೆ ಒಣಗಲಿ ಅಂತ ಸುಣ್ಣದ ಪುಡಿ ಉದುರಿಸಿ ಸುಮ್ಮನಿರುತ್ತಾನೆ. ಅವಸರಪಟ್ಟು ಕೆದಕಿದರೆ ಬೆಳೆ ಕೆಟ್ಟಿತು ಅಂತಲೇ ಲೆಕ್ಕ.

ನಾಲ್ಕು ಸಲ ಹಾಗೆ ಕೂತೆದ್ದ ಹುಳು ಕೊನೆಗೆ ಚಂದ್ರಿಕೆ ಏರಿ, ನೂರಾರು ಮೀಟರ್ ಉದ್ದದ ಒಂದೇ ಎಳೆಯಲ್ಲಿ ಗೂಡು ನೇಯುತ್ತದೆ. ಕೂರದೇ ಇದ್ದ ಹುಳು ನೂಲು ಕೊಡಲಿಲ್ಲ, ನೋಡಿ.

ನಾವೂ ಹಾಗೆಯೇ. ಬೆಳಗಾದರೆ ತಿನ್ನುವುದು, ಓಡುವುದು, ದುಡಿಯುವುದು, ಬೈಯುವುದು, ಬೈಸಿಕೊಳ್ಳುವುದು. ಮನಸ್ಸಿಗೆ ಹಳೆಯ ಚರ್ಮ ಬಿಗಿಯಾಗುತ್ತಲೇ ಹೋಗುತ್ತದೆ. ದಿನಕ್ಕೆ ಒಂದು ಹೊತ್ತು ಬಾಯಿ ಮುಚ್ಚಿ, ತಲೆ ನೇರ ಮಾಡಿ, ಅಲುಗಾಡದೆ ಕೂತರೆ ಅದೇ ಧ್ಯಾನ. ಅದಕ್ಕಿಂತ ದೊಡ್ಡ ವ್ಯಾಖ್ಯಾನ ಬೇಕಿಲ್ಲ.

ವಿಜ್ಞಾನಿಗಳು ಅಳೆದು ನೋಡಿದ್ದು

ಹಿಂದಿನವರು ಇದನ್ನು ಅನುಭವದಿಂದ ಬಲ್ಲವರಾಗಿದ್ದರು. ಈಗಿನ ಕಾಲದವರು ಯಂತ್ರ ಇಟ್ಟು ಕೇಳುತ್ತಾರೆ. ಕೇಳಲಿ. ನಿಜವಾದ ಚಿನ್ನ ಒರೆಗಲ್ಲಿಗೆ ಹೆದರುವುದಿಲ್ಲ.

1961ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯ ಡಾ. ಬಿ.ಕೆ. ಆನಂದ್ ಮತ್ತು ಸಂಗಡಿಗರು ಯೋಗಿಗಳ ತಲೆಗೆ ತಂತಿ ಜೋಡಿಸಿ ಮೆದುಳಿನ ಅಲೆಗಳನ್ನು ದಾಖಲು ಮಾಡಿ ಪ್ರಕಟಿಸಿದರು. ಅವರಲ್ಲಿ ಇಬ್ಬರು ಯೋಗಿಗಳು ಕೊರೆಯುವ ತಣ್ಣೀರಿನಲ್ಲಿ ಮುಕ್ಕಾಲು ಗಂಟೆಗೂ ಮೀರಿ ಕೈ ಇಟ್ಟುಕೊಂಡಿದ್ದರೂ, ಮೆದುಳಿನ ಶಾಂತ ಅಲೆಗಳು ಕದಡಲಿಲ್ಲ. ಅಮೆರಿಕದ ಹೃದ್ರೋಗ ತಜ್ಞ ಡಾ. ಹರ್ಬರ್ಟ್ ಬೆನ್ಸನ್ 1975ರಲ್ಲಿ ಇದರ ಬಗ್ಗೆ ಪುಸ್ತಕ ಬರೆದರು. ಹೆದರಿಕೆ ಬಂದಾಗ ಎದೆ ಹೊಡೆದುಕೊಳ್ಳುವ ಹಾಗೆ, ಶಾಂತವಾಗಿ ಒಂದೇ ಪದವನ್ನು ನೆನೆಯುತ್ತಾ ಕೂತರೆ ಅದಕ್ಕೆ ವಿರುದ್ಧವಾಗಿ ಮೈ ಸಡಿಲವಾಗುವ ಒಂದು ಗುಣವೂ ನಮ್ಮೊಳಗೇ ಇದೆ ಎಂದು ತೋರಿಸಿದರು. 1979ರಲ್ಲಿ ಅದೇ ದೇಶದ ಜಾನ್ ಕಬಾಟ್-ಜಿನ್ ಎಂಬುವರು ವಾಸಿಯಾಗದ ನೋವಿನಿಂದ ಬಳಲುವವರಿಗೆ ಒಂದು ಶಿಕ್ಷಣ ಶುರು ಮಾಡಿದರು. ಬುದ್ಧನ ಕಾಲದಿಂದ ಬಂದ ಎಚ್ಚರದ ಅಭ್ಯಾಸವನ್ನೇ ಆಸ್ಪತ್ರೆಯ ಭಾಷೆಗೆ ತಂದರು. ಈಗ ‘ಮೈಂಡ್‌ಫುಲ್‌ನೆಸ್’ ಅಂತ ಪೇಟೆಯಲ್ಲಿ ಹೇಳುವುದು ಇದನ್ನೇ. ಉಸಿರು ಬಂದದ್ದು ಗೊತ್ತಾಗಬೇಕು, ಹೋದದ್ದು ಗೊತ್ತಾಗಬೇಕು, ಮನಸ್ಸು ಓಡಿದರೆ ಓಡಿದ್ದೂ ಗೊತ್ತಾಗಬೇಕು. ಇಷ್ಟೇ.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರನ್ನೇ ನೋಡಿ. ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ ಅವರು 1985ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ವೈದ್ಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಉಬ್ಬಸದ 53 ರೋಗಿಗಳಿಗೆ ಎರಡು ವಾರ ಆಸನ, ಪ್ರಾಣಾಯಾಮ, ಧ್ಯಾನ ಕಲಿಸಿದರು. ಜೊತೆಗೆ ಭಜನೆಯಂಥ ಭಕ್ತಿಯ ಹೊತ್ತೂ ಇತ್ತು. ದಿನಾ 65 ನಿಮಿಷ ಮಾಡಿ ಅಂತ ಹೇಳಿ ಕಳಿಸಿದರು. ಅಂಥದ್ದೇ ಕಾಯಿಲೆಯ ಇನ್ನೂ 53 ಜನ ಬರೀ ಔಷಧಿಯಲ್ಲೇ ಇದ್ದರು. ಹೋಲಿಸಿ ನೋಡಿದಾಗ ಯೋಗ ಮಾಡಿದವರಿಗೆ ಉಬ್ಬಸ ಬರುವ ಸರದಿ ಹೆಚ್ಚು ಕಡಿಮೆಯಾಗಿತ್ತು, ಔಷಧಿಯ ಅಗತ್ಯವೂ ತಗ್ಗಿತ್ತು. 1995ರಲ್ಲಿ ಅವರ ಸಂಗಡ ಡಾ. ಶರ್ಲಿ ಟೆಲ್ಲಿಸ್ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ಬಹಳ ವರ್ಷ ಅಭ್ಯಾಸವಿದ್ದ ಏಳು ಮಂದಿ ಮನಸ್ಸಿನಲ್ಲೇ ಓಂಕಾರ ಜಪಿಸುವಾಗ, ಸುಮ್ಮನೆ ಯೋಚಿಸುತ್ತಾ ಕೂತದ್ದಕ್ಕಿಂತ ಎದೆಬಡಿತ ನಿಧಾನವಾಯಿತು.

ನಿಮ್ಹಾನ್ಸ್ ಆಸ್ಪತ್ರೆಯ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲದ್ದು. 12 ಆರೋಗ್ಯವಂತರನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿ ಗಟ್ಟಿಯಾಗಿ ಓಂ ಹೇಳಿಸಿದರು. ಹೋಲಿಕೆಗೆ ‘ಸ್ಸ್ಸ್’ ಎಂದು ಉಸಿರು ಬಿಡಿಸಿದರು. ಓಂ ಎಂದಾಗ ಮೆದುಳಿನಲ್ಲಿ ಭಯ, ಉದ್ವೇಗಗಳಿಗೆ ಸಂಬಂಧಪಟ್ಟ ಭಾಗಗಳ ಚಟುವಟಿಕೆ ತಗ್ಗಿತು. ‘ಸ್ಸ್ಸ್’ ಎಂದಾಗ ಹಾಗೆ ಆಗಲಿಲ್ಲ. ಹನ್ನೆರಡೇ ಜನರ ಸಣ್ಣ ಪ್ರಯೋಗ ಅದು, ಅದನ್ನೇ ಹಿಡಿದು ದೊಡ್ಡ ಮಾತಾಡಬಾರದು. ಆದರೂ ಅಜ್ಜಿ ಮುಂಜಾನೆ ದೀಪ ಹಚ್ಚಿ ದೇವರ ಹೆಸರು ಹೇಳುತ್ತಾ ಕೂತಾಗ ಮನೆಯೆಲ್ಲಾ ಯಾಕೆ ತಣ್ಣಗಾಗುತ್ತಿತ್ತು ಎಂಬುದರ ಒಂದು ಎಳೆ ಅಲ್ಲಿ ಸಿಗುತ್ತದೆ.

ಜಪಮಾಲೆಗೂ ಉಸಿರಿಗೂ ನಂಟು

‘ಅಮ್ಮಾ ತಾಯಿ’ ಅಂತ ನೂರೆಂಟು ಸಲ ಹೇಳುವ ತಾಯಂದಿರು ಇದನ್ನು ಗಮನವಿಟ್ಟು ಕೇಳಬೇಕು.

2001ರಲ್ಲಿ ಇಟಲಿಯ ಡಾ. ಲೂಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 23 ಆರೋಗ್ಯವಂತರನ್ನು ಪರೀಕ್ಷೆ ಮಾಡಿದರು. ಒಂದು ಸಲ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆ ಹೇಳಿಸಿದರು, ಇನ್ನೊಂದು ಸಲ ಬೌದ್ಧರ ಮಂತ್ರ ಹೇಳಿಸಿದರು. ಎರಡರಲ್ಲೂ ಒಂದೇ ಫಲ ಬಂತು. ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಸಾಮಾನ್ಯವಾಗಿ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ.

ಆರು ಉಸಿರಾದರೆ ಏನಾಯಿತು ಅಂತ ಕೇಳಬಹುದು. ನಮ್ಮ ಕತ್ತಿನಲ್ಲಿ ಮೆದುಳಿಗೆ ಹೋಗುವ ರಕ್ತನಾಳದ ಗೋಡೆಯಲ್ಲಿ ರಕ್ತದ ಒತ್ತಡವನ್ನು ಅಳೆಯುವ ಸೂಕ್ಷ್ಮ ನರತುದಿಗಳಿವೆ. ಒತ್ತಡ ಏರಿದರೆ ಅವು ಹೃದಯಕ್ಕೆ ‘ನಿಧಾನ, ನಿಧಾನ’ ಅಂತ ಸುದ್ದಿ ಮುಟ್ಟಿಸುತ್ತವೆ. ಕೆರೆ ತುಂಬಿದಾಗ ತೂಬು ಎತ್ತುವ ನೀರುಗಂಟಿ ಇದ್ದ ಹಾಗೆ ಅನ್ನಿ. ಉಸಿರು ನಿಧಾನವಾದಾಗ ಆ ನೀರುಗಂಟಿ ಹೆಚ್ಚು ಚುರುಕಾಗುತ್ತಾನೆ ಎಂದು ಆ ಪ್ರಯೋಗದಲ್ಲಿ ಕಂಡಿತು. ಯಾವ ದೇವರ ಹೆಸರು, ಯಾವ ಭಾಷೆ ಎನ್ನುವುದನ್ನು ನರ ಕೇಳುವುದಿಲ್ಲ. ಒಂದೇ ಲಯದಲ್ಲಿ, ನಿಧಾನವಾಗಿ, ಭಕ್ತಿಯಿಂದ ಹೇಳಿದೆಯಾ ಅಂತ ಮಾತ್ರ ಕೇಳುತ್ತದೆ. ಇದನ್ನು ತಿಳಿದ ಮೇಲೆ ಇನ್ನೊಬ್ಬರ ಪ್ರಾರ್ಥನೆಯನ್ನು ಹೀಯಾಳಿಸಲು ಮನಸ್ಸು ಬರುವುದಿಲ್ಲ.

ಹಾಗೆಯೇ ಇನ್ನೊಂದು ಮಾತು. ಜಪವನ್ನು ಬೇಗ ಬೇಗ ಮುಗಿಸಿ ಲೆಕ್ಕ ತುಂಬಿಸಬೇಡಿ. ಸಾವಿರದ ಲೆಕ್ಕ ಓಡಿಸಿದ್ದಕ್ಕಿಂತ ನೂರೆಂಟನ್ನು ನಿಧಾನವಾಗಿ ಹೇಳಿದ್ದು ಮೇಲು.

ಎಷ್ಟು ನಿಜವೋ ಅಷ್ಟೇ ಹೇಳಬೇಕು

ದೇವರ ಸನ್ನಿಧಿಯಲ್ಲಿ ಕೂತು ಉತ್ಪ್ರೇಕ್ಷೆ ಮಾಡಬಾರದು. ಧ್ಯಾನದಿಂದ ಕ್ಯಾನ್ಸರ್ ಹೋಯಿತು, ಸಕ್ಕರೆ ಕಾಯಿಲೆ ಬೇರುಸಹಿತ ಕಿತ್ತುಹೋಯಿತು ಅಂತ ಹೇಳಿಕೊಂಡು ತಿರುಗುವವರಿದ್ದಾರೆ. ಅವರ ಮಾತಿಗೆ ಸಂಶೋಧನೆಯ ಆಧಾರ ಇಲ್ಲ.

2014ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಅಲ್ಲಿಯವರೆಗೆ ನಡೆದಿದ್ದ 47 ಒಳ್ಳೆಯ ಪ್ರಯೋಗಗಳನ್ನು, ಒಟ್ಟು 3,515 ಜನರ ಲೆಕ್ಕವನ್ನು, ಒಟ್ಟಿಗೆ ತೂಗಿ ನೋಡಿದರು. ಆತಂಕ, ಮನಸ್ಸಿನ ಕುಗ್ಗು, ಮೈನೋವು ಇವುಗಳಲ್ಲಿ ಎಚ್ಚರದ ಧ್ಯಾನದಿಂದ ಸಾಧಾರಣ ಮಟ್ಟದ ಉಪಯೋಗ ಇದೆ ಎಂದು ಕಂಡಿತು. ಆದರೆ ಔಷಧಿಗಿಂತ, ವ್ಯಾಯಾಮಕ್ಕಿಂತ ಧ್ಯಾನ ಮೇಲು ಎನ್ನಲು ಪುರಾವೆ ಸಿಗಲಿಲ್ಲ. 2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಆತಂಕದ ಕಾಯಿಲೆಯ 276 ಜನರಲ್ಲಿ ಒಂದು ಗುಂಪಿಗೆ ಎಂಟು ವಾರದ ಧ್ಯಾನ, ಇನ್ನೊಂದು ಗುಂಪಿಗೆ ಸಾಮಾನ್ಯವಾಗಿ ಬಳಸುವ ಒಂದು ಮಾತ್ರೆ ಕೊಟ್ಟರು. ಅಲ್ಲಿ ಧ್ಯಾನ ಮಾತ್ರೆಗೆ ಹಿಂದೆ ಬೀಳಲಿಲ್ಲ. ಅದೂ ವೈದ್ಯರ ಕಣ್ಣಳತೆಯಲ್ಲಿ, ಕ್ರಮವಾಗಿ ಕಲಿಸಿ ನಡೆಸಿದ್ದು.

ನಿಮ್ಹಾನ್ಸ್‌ನ ಇನ್ನೊಂದು ಲೆಕ್ಕವನ್ನೂ ಹೇಳುತ್ತೇನೆ. 2000ದಲ್ಲಿ ಡಾ. ಜಾನಕಿರಾಮಯ್ಯ ಮತ್ತು ಸಂಗಡಿಗರು ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ 45 ಜನರನ್ನು ಮೂರು ಗುಂಪು ಮಾಡಿ ನಾಲ್ಕು ವಾರ ನೋಡಿದ್ದನ್ನು ಪ್ರಕಟಿಸಿದರು. ಕರೆಂಟ್ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 93, ಮಾತ್ರೆ ನುಂಗಿದವರಲ್ಲಿ 73, ಸುದರ್ಶನ ಕ್ರಿಯೆಯ ಉಸಿರಾಟ ಮಾಡಿದವರಲ್ಲಿ 67ರಷ್ಟು ಮಂದಿ ಚೇತರಿಸಿಕೊಂಡರು. ಉಸಿರಾಟದ ಅಭ್ಯಾಸ ಮಾತ್ರೆಯ ಹತ್ತಿರಕ್ಕೆ ಬಂದದ್ದು ಸಣ್ಣ ಸಂಗತಿ ಅಲ್ಲ. ಆದರೆ ಎಲ್ಲಕ್ಕಿಂತ ಹೆಚ್ಚು ಜನಕ್ಕೆ ಗುಣ ಕೊಟ್ಟದ್ದು ಜನ ಹೆದರಿ ಓಡುವ ಆ ಕರೆಂಟ್ ಚಿಕಿತ್ಸೆಯೇ. ಎರಡೂ ಮಾತು ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಧರ್ಮ ಅಲ್ಲ.

ರಕ್ತದೊತ್ತಡ, ಹೃದಯದ ವಿಷಯಕ್ಕೆ ಬಂದರೆ, 2017ರಲ್ಲಿ ಅಮೆರಿಕದ ಹೃದಯ ಸಂಘದ ತಜ್ಞರು ಹೇಳಿದ್ದು ಇಷ್ಟು: ಧ್ಯಾನದಿಂದ ಅನುಕೂಲ ಆಗಬಹುದು, ಆದರೆ ವೈದ್ಯರು ಹೇಳಿದ ಚಿಕಿತ್ಸೆಯ ಜೊತೆಗೆ ಮಾಡಿ, ಅದರ ಬದಲಿಗೆ ಅಲ್ಲ.

‘ಜೊತೆಗೆ, ಬದಲಿಗೆ ಅಲ್ಲ.’ ಈ ಮೂರು ಪದಗಳನ್ನು ನಾನು ತಡವಾಗಿ ಕಲಿತೆ. ಹೇಗೆ ಕಲಿತೆ ಎಂದು ಹೇಳಲೇಬೇಕು.

ನನ್ನಿಂದ ಆದ ತಪ್ಪು

ನನ್ನ ಅಣ್ಣ ರೇಷ್ಮೆ ಬೆಳೆಗಾರ. ಐವತ್ತು ದಾಟಿದ ಮೇಲೆ ಬಿಪಿ ಇದೆ ಅಂತ ಗೊತ್ತಾಗಿ ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಆ ಕಾಲಕ್ಕೆ ನಾನು ಹೊಸದಾಗಿ ಧ್ಯಾನ ಕಲಿತಿದ್ದೆ. ಹೊಸದಾಗಿ ಕಲಿತವನ ಉತ್ಸಾಹ ನಿಮಗೆ ಗೊತ್ತಲ್ಲ. ಸಿಕ್ಕವರಿಗೆಲ್ಲ ಉಪದೇಶ ಮಾಡುತ್ತಿದ್ದೆ. ಅಣ್ಣನಿಗೂ ಹೇಳಿದೆ: ‘ದಿನಾ ಬೆಳಿಗ್ಗೆ ಅರ್ಧ ಗಂಟೆ ಅಮ್ಮನ್ನ ನೆನೆಸ್ಕೊಂಡು ಕೂತ್ಕೋ. ಮಾತ್ರೆಯೆಲ್ಲಾ ತಾನಾಗೇ ಬಿಟ್ಟುಹೋಗುತ್ತೆ.’

ಅಣ್ಣ ಶ್ರದ್ಧೆಯ ಮನುಷ್ಯ. ಹೇಳಿದಂತೆ ಕೂತ. ತಿಂಗಳೊಳಗೆ ನಿದ್ದೆ ಚೆನ್ನಾಗಿ ಬಂತು, ಸಿಟ್ಟು ಕಡಿಮೆಯಾಯಿತು, ಅತ್ತಿಗೆಯೇ ಸಂತೋಷಪಟ್ಟರು. ‘ಈಗ ಆರಾಮಾಗಿದೀನಲ್ಲ’ ಅಂತ ಅವನು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟ. ಐದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ತೋಟದಲ್ಲಿ ಸೊಪ್ಪಿನ ಹೊರೆ ಎತ್ತಲು ಹೋದವನ ಬಲಗೈ ಹಿಡಿತ ತಪ್ಪಿತು. ಮಾತು ತೊದಲಿತು. ಬಾಯಿ ಒಂದು ಕಡೆಗೆ ಎಳೆಯಿತು. ಲಕ್ವ ಹೊಡೆದಿತ್ತು.

ಅಮ್ಮನ ದಯೆ, ಜೀವ ಉಳಿಯಿತು. ಆದರೆ ಬಲಗೈ ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಆಸ್ಪತ್ರೆಯಲ್ಲಿ ನಾನು ಅವನ ಕಾಲ ಬಳಿ ಕೂತು ಅತ್ತೆ. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಮೇಲೆ ಡಾಕ್ಟರು ನನಗೆ ಬಿಡಿಸಿ ಹೇಳಿದರು. ಬಿಪಿ ಎನ್ನುವುದು ಬಹಳ ಜನರಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ತಲೆನೋವು ಹೋಯಿತು, ಮನಸ್ಸು ಶಾಂತವಾಯಿತು ಅಂದಮಾತ್ರಕ್ಕೆ ಒತ್ತಡ ಇಳಿದಿದೆ ಎಂದು ಅರ್ಥವಲ್ಲ. ಅದನ್ನು ಪಟ್ಟಿ ಕಟ್ಟಿ ಅಳೆದೇ ತಿಳಿಯಬೇಕು. ಧ್ಯಾನದಿಂದ ಅಣ್ಣನ ಮನಸ್ಸು ನಿಜವಾಗಿಯೂ ಶಾಂತವಾಗಿತ್ತು. ಸುಳ್ಳಾಗಿದ್ದು ಧ್ಯಾನ ಅಲ್ಲ, ಅದರ ಮೇಲೆ ನಾನು ಹೊರಿಸಿದ್ದ ನನ್ನ ಮಾತು.

ಅಣ್ಣ ಈಗಲೂ ಬೆಳಿಗ್ಗೆ ಕೂರುತ್ತಾನೆ. ಮೊದಲು ಮಾತ್ರೆ, ಆಮೇಲೆ ಧ್ಯಾನ. ‘ಮಾತ್ರೆ ನುಂಗಿ ಕೂತ್ರೆ ಅಮ್ಮನಿಗೇನೂ ಬೇಜಾರಿಲ್ಲ ಕಣೋ’ ಅಂತ ನಗುತ್ತಾನೆ. ಆ ಮಾತನ್ನು ನಿಮಗೆ ತಲುಪಿಸಬೇಕು ಅಂತಲೇ ಇಷ್ಟೆಲ್ಲಾ ಬರೆದೆ.

ಬಿಪಿ, ಸಕ್ಕರೆ, ಮೂರ್ಛೆ ರೋಗ, ಮನಸ್ಸಿನ ಕಾಯಿಲೆ, ಹೃದಯದ ಕಾಯಿಲೆ ಇವುಗಳಿಗೆ ಕೊಟ್ಟ ಔಷಧಿಯನ್ನು ಹರಕೆಯ ಹೆಸರಲ್ಲಿ, ಉಪವಾಸದ ಹೆಸರಲ್ಲಿ, ಧ್ಯಾನದ ಹೆಸರಲ್ಲಿ ನೀವಾಗಿಯೇ ನಿಲ್ಲಿಸಬೇಡಿ. ಕಡಿಮೆ ಮಾಡುವುದಿದ್ದರೆ ಡಾಕ್ಟರೇ ಅಳೆದು ನೋಡಿ ಮಾಡಲಿ. ಯಾರಿಗಾದರೂ ಮುಖ ಸೊಟ್ಟಗಾಯಿತು, ಕೈ ಸೋತಿತು, ಮಾತು ತೊದಲಿತು ಅಂದರೆ ನಿಂಬೆಹಣ್ಣು ಇಳಿ ತೆಗೆಯುತ್ತಾ ಕೂರದೆ 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಸಾಗಿಸಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬಿದ್ದರೆ ಮಾತ್ರ ಕೆಲಸ. ಅಮ್ಮನ ಹೆಸರನ್ನು ಆಂಬುಲೆನ್ಸಿನಲ್ಲೂ ಹೇಳಬಹುದು.

ಗುಡಿಯಲ್ಲೇ ನಡೆದ ಒಂದು ಅಧ್ಯಯನ

‘ಹಾಗಾದರೆ ಗುಡಿಗೆ ಬಂದು ಏನೂ ಪ್ರಯೋಜನ ಇಲ್ಲವೇ?’ ಅಂತ ಕೇಳಬೇಡಿ. ಇದೆ. ಅದನ್ನೂ ನಿಮ್ಹಾನ್ಸ್‌ನವರೇ ನೋಡಿದ್ದಾರೆ.

2000ದಲ್ಲಿ ಡಾ. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ದಕ್ಷಿಣ ಭಾಗದ ಒಂದು ಹಳ್ಳಿಯ ಗುಡಿಗೆ ಹೋದರು. ತೀವ್ರ ಮಾನಸಿಕ ಕಾಯಿಲೆಯ 31 ಜನ ಅಲ್ಲಿಗೆ ಬಂದು ಉಳಿದಿದ್ದರು. ಸರಾಸರಿ ಆರು ವಾರ ಇದ್ದರು. ಅಲ್ಲಿ ಮಾಟ ಮಂತ್ರದಂಥದ್ದೇನೂ ಇರಲಿಲ್ಲ. ಬೆಳಿಗ್ಗೆ ಪೂಜೆಗೆ ಬರುವುದು, ಗುಡಿ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಜೊತೆಗೆ ಮನೆಯವರೊಬ್ಬರು ಇರುವುದು, ಅಷ್ಟೇ. ವೈದ್ಯರು ಬಂದಾಗಲೊಮ್ಮೆ, ಹೋಗುವಾಗಲೊಮ್ಮೆ ಅಳೆದರು. ಕಾಯಿಲೆಯ ಲಕ್ಷಣಗಳು ಐದರಲ್ಲಿ ಹತ್ತಿರ ಹತ್ತಿರ ಒಂದು ಪಾಲು ತಗ್ಗಿದ್ದವು. ಹೆದರಿಸದ, ಹೀಯಾಳಿಸದ, ಧೈರ್ಯ ಕೊಡುವ ಜಾಗದಲ್ಲಿ ಇದ್ದುದೇ ಅದಕ್ಕೆ ಕಾರಣ ಎಂದು ಅವರು ಬರೆದರು.

ಆದರೆ ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ನಡೆದದ್ದನ್ನೂ ಮರೆಯಬಾರದು. ಯಾತ್ರಾಸ್ಥಳದ ಬಳಿ ಖಾಸಗಿಯವರು ನಡೆಸುತ್ತಿದ್ದ ಒಂದು ಚಪ್ಪರದ ಮನೆಗೆ ಬೆಂಕಿ ಬಿತ್ತು. ಒಳಗಿದ್ದ ಮನಸ್ಸಿನ ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟಿದ್ದರು. ಓಡಲಾಗದೆ 28 ಜೀವ ಹೋಯಿತು. ಭಕ್ತಿ ಇದ್ದ ಜಾಗವೇ, ಆದರೆ ಕರುಣೆ ಇರಲಿಲ್ಲ, ವೈದ್ಯರಿರಲಿಲ್ಲ.

ಮೊದಲನೆಯದರಲ್ಲಿ ಗುಣ ಕೊಟ್ಟದ್ದು ಕರುಣೆ. ಎರಡನೆಯದರಲ್ಲಿ ಕೊಂದದ್ದು ಸರಪಳಿ. ನಿಮ್ಮ ಮನೆಯಲ್ಲಿ ಅಂಥವರು ಇದ್ದರೆ ಅಮ್ಮನ ಬಳಿಗೆ ಧಾರಾಳವಾಗಿ ಕರೆತನ್ನಿ. ಆದರೆ ಕಟ್ಟಿ ತರಬೇಡಿ, ಹೊಡೆಸಬೇಡಿ. ವೈದ್ಯರಿಗೂ ತೋರಿಸಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ ಇದೆ. 14416ಕ್ಕೆ ಫೋನ್ ಮಾಡಿದರೆ ಕಾಸು ಖರ್ಚಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಕೂರುವ ಕ್ರಮ

1. ಹೊತ್ತು: ಬೆಳಿಗ್ಗೆ ಮುಖ ತೊಳೆದ ಮೇಲೆ, ಅಥವಾ ಸಂಜೆ ದೀಪ ಹಚ್ಚಿದ ಮೇಲೆ. ಮೊದಲ ತಿಂಗಳು ಹತ್ತೇ ನಿಮಿಷ ಸಾಕು. ಹೊತ್ತು ಒಂದೇ ಆಗಿರಲಿ.

2. ಆಸನ: ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂರಿ. ಮಂಡಿ ನೋವಿದ್ದವರು ಕುರ್ಚಿಯಲ್ಲಿ ಕೂತರೂ ದೋಷವಿಲ್ಲ. ಬೆನ್ನು ನೇರ ಇರಲಿ, ಭುಜ ಸಡಿಲ ಇರಲಿ. ಫೋನು ಬೇರೆ ಕೋಣೆಯಲ್ಲಿರಲಿ.

3. ಉಸಿರು: ಮೂಗಿನಲ್ಲಿ ಮೆಲ್ಲಗೆ ಒಳಗೆ, ಇನ್ನೂ ಮೆಲ್ಲಗೆ ಹೊರಗೆ. ಬಿಗಿಹಿಡಿಯಬೇಡಿ. ಬಸುರಿ ಹೆಂಗಸರು, ಹೃದಯದ ಕಾಯಿಲೆಯವರು ಉಸಿರು ಕಟ್ಟುವ ಅಭ್ಯಾಸಕ್ಕೆ ಹೋಗಲೇಬೇಡಿ.

4. ನಾಮ: ಉಸಿರು ಹೊರಗೆ ಬಿಡುವಾಗ ಅಮ್ಮನ ಹೆಸರನ್ನು ಮನಸ್ಸಿನಲ್ಲಿ ಹೇಳಿ. ನಿಮಗೆ ಒಲಿದ ಯಾವ ಹೆಸರಾದರೂ ಸರಿ.

5. ಮನಸ್ಸು ಓಡಿದಾಗ: ಓಡೇ ಓಡುತ್ತದೆ. ಬೈಯಬೇಡಿ. ಗೂಡಿನಿಂದ ನೂಲು ಬಿಚ್ಚುವಾಗ ಎಳೆ ಕಡಿದರೆ ಬಿಚ್ಚುವವರು ಗೂಡನ್ನು ಎಸೆಯುವುದಿಲ್ಲ, ತುದಿ ಹುಡುಕಿ ಮತ್ತೆ ಸೇರಿಸುತ್ತಾರೆ. ಹಾಗೆ ಉಸಿರಿನ ತುದಿ ಹಿಡಿದು ಮತ್ತೆ ಸೇರಿಸಿ. ಹತ್ತು ನಿಮಿಷದಲ್ಲಿ ನೂರು ಸಲ ಕಡಿದರೆ ನೂರು ಸಲ ಸೇರಿಸಿ. ಆ ಸೇರಿಸುವುದೇ ಅಭ್ಯಾಸ.

6. ಏಳುವಾಗ: ತಟ್ಟನೆ ಏಳಬೇಡಿ. ಅಂಗೈ ಉಜ್ಜಿ ಕಣ್ಣಿಗೆ ಒತ್ತಿಕೊಂಡು, ಮನೆಯವರೆಲ್ಲರ ಒಳಿತನ್ನು ಬೇಡಿ, ಜಗಳವಾಡಿದವರನ್ನೂ ಸೇರಿಸಿ ಬೇಡಿ, ಏಳಿ.

ಒಂದು ಎಚ್ಚರಿಕೆ ಇದೆ. 2020ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದವರು, ಧ್ಯಾನ ಮಾಡುವವರಲ್ಲಿ ನೂರಕ್ಕೆ ಸುಮಾರು ಎಂಟು ಜನಕ್ಕೆ ಆತಂಕ, ಕುಗ್ಗು ಮುಂತಾದ ತೊಂದರೆ ಕಂಡಿತು ಎಂದಿದ್ದಾರೆ. ಕಣ್ಣು ಮುಚ್ಚಿದರೆ ಹಳೆಯ ದುಃಖ ಉಕ್ಕಿ ಬಂದು ತಡೆಯಲಾಗದಿದ್ದರೆ ಬಲವಂತವಾಗಿ ಕೂರಬೇಡಿ. ಎದ್ದು ನಡೆಯಿರಿ, ದನಕ್ಕೆ ಹುಲ್ಲು ಹಾಕಿ, ನಂಬಿಕೆಯವರ ಹತ್ತಿರ ಮಾತಾಡಿ, ವೈದ್ಯರನ್ನು ಕೇಳಿ. ಹೆಜ್ಜೆ ಹೆಜ್ಜೆಗೂ ಅಮ್ಮನ ಹೆಸರು ಹೇಳುತ್ತಾ ನಡೆದರೂ ಅದು ಧ್ಯಾನವೇ.

ಮೇಲಿನ ಕೋಟೆ, ಒಳಗಿನ ಕೋಟೆ

ಹೊರಡುವ ಮೊದಲು ಒಮ್ಮೆ ತಲೆ ಎತ್ತಿ ಬೆಟ್ಟ ನೋಡಿ. ಅಮ್ಮನ ಸನ್ನಿಧಿಯ ಮೇಲೆ ನಿಂತಿರುವ ಈ ಬೋಳು ಬಂಡೆಯೇ ಕಬ್ಬಾಳದುರ್ಗ. ಹಿಂದಿನ ಕಾಲದಲ್ಲಿ ಇಲ್ಲಿ ಕೋಟೆ ಇತ್ತು, ಅದು ಸೆರೆಮನೆಯೂ ಆಗಿತ್ತು. 1730ರ ದಶಕದಲ್ಲಿ ಮೈಸೂರಿನ ಅರಸು ಚಾಮರಾಜ ಒಡೆಯರನ್ನೇ ದಳವಾಯಿಗಳು ಸಿಂಹಾಸನದಿಂದ ಇಳಿಸಿ ಇಲ್ಲಿ ಸೆರೆಯಿಟ್ಟರು. ಅವರು ಇಲ್ಲೇ ತೀರಿಕೊಂಡರು. ಅರಸನಾದರೂ ಆ ಗೋಡೆ ದಾಟಲಾಗಲಿಲ್ಲ.

ಇಂದು ಆ ಸೆರೆಮನೆ ಇಲ್ಲ. ಗೋಡೆ ಕುಸಿದಿದೆ, ಗಾಳಿ ಬೀಸುತ್ತಿದೆ. ಆದರೆ ಚಿಂತೆ ಎನ್ನುವ ಕೋಟೆಯನ್ನು ನಾವೇ ಕಟ್ಟಿಕೊಂಡು, ನಾವೇ ಒಳಗೆ ಕೂತು, ಬೀಗದ ಕೈಯನ್ನು ನಮ್ಮ ಸೊಂಟದಲ್ಲೇ ಇಟ್ಟುಕೊಂಡು ‘ಬಿಡಿಸು ತಾಯಿ’ ಅಂತ ಕೂಗುತ್ತೇವೆ. ದಿನಕ್ಕೆ ಹತ್ತು ನಿಮಿಷ ಸುಮ್ಮನೆ ಕೂತರೆ ಆ ಬೀಗದ ಕೈ ಕೈಗೆ ತಗಲುತ್ತದೆ. ಬಾಗಿಲು ಒಂದೇ ದಿನದಲ್ಲಿ ತೆರೆಯಲಿಕ್ಕಿಲ್ಲ. ಸ್ವಲ್ಪ ಗಾಳಿಯಾದರೂ ಬರುತ್ತದೆ.

ಆದ್ದರಿಂದ ಭಕ್ತರೇ, ಪ್ರಸಾದ, ಕುಂಕುಮದ ಜೊತೆಗೆ ಅಮ್ಮನ ಮುಂದೆ ಸಿಕ್ಕ ಆ ಮೂರು ಉಸಿರನ್ನೂ ಕಟ್ಟಿಕೊಂಡು ಹೋಗಿ. ನಾಳೆ ಬೆಳಿಗ್ಗೆ ದೀಪದ ಮುಂದೆ ಕೂತು ಗಂಟು ಬಿಚ್ಚಿ. ಮೂರು ಇದ್ದದ್ದು ಆರಾಗಲಿ, ಆರು ಇದ್ದದ್ದು ಹನ್ನೆರಡಾಗಲಿ. ಮಾತ್ರೆ ಇರುವವರು ಮೊದಲು ಮಾತ್ರೆ ನುಂಗಿ, ಆಮೇಲೆ ಕೂರಿ. ಅಮ್ಮನಿಗೇನೂ ಬೇಜಾರಿಲ್ಲ.

ಕಬ್ಬಾಳಮ್ಮ ತಾಯಿ ನಿಮಗೂ ನಿಮ್ಮ ಮಕ್ಕಳು ಮರಿಗಳಿಗೂ ಆಯಸ್ಸು, ಆರೋಗ್ಯ, ನೆಮ್ಮದಿ ಕೊಟ್ಟು ಕಾಪಾಡಲಿ. ಮಳೆ ಬೆಳೆ ಚೆನ್ನಾಗಿ ಆಗಲಿ. ಕ್ಷೇಮವಾಗಿ ಊರು ಸೇರಿ.

॥ ಶುಭಮಸ್ತು ॥